ಹೊಡೆದವನನ್ನೇ ಸಂದರ್ಶನಕ್ಕೆ ಕರೆದರು

ನಾನು ಒಬ್ಬ ಡಾಕ್ಟರರ ಕೈ ಮುರಿದವನು. ಬ್ಯಾಡಗಿಯಲ್ಲಿ ಇದು ಎಲ್ಲರಿಗೂ ಗೊತ್ತು, ಬರೆದರೆ ಹೊಸದಾಗಿ ಹೋಗುವ ಮಾನವೇನೂ ಉಳಿದಿಲ್ಲ. ಆದರೆ ಅದೇ ಡಾಕ್ಟರರು ಮುಂದೆ ನನ್ನ ಅಂಗಡಿಗೆ ಬಂದು, ಹೊಸ ಡಾಕ್ಟರರನ್ನು ಆರಿಸುವ ಸಂದರ್ಶನಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ಬಹಳ ಮಂದಿಗೆ ಗೊತ್ತಿಲ್ಲ. ಅಲ್ಲಿ ಏನಾಯಿತು ಎಂಬುದಂತೂ ಆ ಕೋಣೆಯಲ್ಲಿದ್ದವರನ್ನು, ನಮ್ಮ ಮನೆಯವರನ್ನು ಬಿಟ್ಟರೆ ಊರಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ.

ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣ ಮತ್ತು ನಾನು ಕೂಡಿ ನಡೆಸುತ್ತಿದ್ದೆವು. ಸುಗ್ಗಿಯ ಒಂದು ಸೋಮವಾರ ಮುಂಜಾನೆ ಗೋದಾಮಿನಲ್ಲಿ ಎರಡಾಳೆತ್ತರ ಒಟ್ಟಿದ್ದ ಚೀಲಗಳು ಒಂದು ಬದಿಗೆ ವಾಲಿ ಅಣ್ಣನ ಮೇಲೆ ಬಿದ್ದವು. ಹಮಾಲರು ಚೀಲ ಎಳೆದೆಳೆದು ಒಗೆದು ಅಣ್ಣನನ್ನು ಹೊರಗೆ ತೆಗೆದರು. ಮೈಮೇಲೆ ಒಂದು ಗಾಯ ಇರಲಿಲ್ಲ. ಎದ್ದು ಕೂತ, ನೀರು ಕುಡಿದ, ಯಾವ ಚೀಲ ಹರಿದಿದೆ ಎಂದು ಕೇಳಿದ. ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಊರಲ್ಲಿ ಸಲೈನ್ ಹಚ್ಚಿಸಿ, ರಾಣೆಬೆನ್ನೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೊರಟೆವು. ಮೋಟೆಬೆನ್ನೂರು ದಾಟುವಾಗಲೂ ಅಣ್ಣ ಮಾತಾಡುತ್ತಿದ್ದ. ಗಾಡಿಯಲ್ಲಿ ಅವನ ತಲೆ ವೈನಿಯ ತೊಡೆಯ ಮೇಲಿತ್ತು. ವೈನಿ ಎಂದರೆ ಅಣ್ಣನ ಹೆಂಡತಿ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಿನವಳು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಒಂದು ತಾಸು ಆಗಿರಬೇಕು. ಹಸಿರು ಬಟ್ಟೆಯ ಡಾಕ್ಟರು ಹೊರಗೆ ಬಂದರು. ನನ್ನ ವಯಸ್ಸಿನವರೇ, ಶಸ್ತ್ರಚಿಕಿತ್ಸೆಯ ಡಾಕ್ಟರು. ಮುಖದಿಂದ ಮಾಸ್ಕ್ ಸರಿಸಿ ಹೇಳಿದರು, “ನಮ್ಮ ಪ್ರಯತ್ನ ನಾವು ಮಾಡಿದ್ವಿರಿ. ಉಳಿಲಿಲ್ಲ.”

ಹಾಗೆ ಹೇಳಿ ಗೋಡೆಯ ಗಡಿಯಾರ ನೋಡಿದರು.

ಸತ್ತ ಹೊತ್ತನ್ನು ಕಾಗದದಲ್ಲಿ ಬರೆಯಬೇಕಾಗುತ್ತದೆ, ಅದಕ್ಕೆ ನೋಡಿದ್ದು ಎಂದು ನನಗೆ ತಿಳಿದದ್ದು ವರ್ಷಗಳ ಮೇಲೆ. ಆವತ್ತು ನನಗೆ ಕಂಡದ್ದು, ಈ ಮನುಷ್ಯನಿಗೆ ಊಟಕ್ಕೆ ಹೊತ್ತಾಗಿದೆ ಎಂದು. ಮಾತಾಡುತ್ತಾ ಬಂದ ನನ್ನ ಅಣ್ಣನನ್ನು ಕೊಂದು ಇವನು ಉಣ್ಣಲು ಹೊರಟಿದ್ದಾನೆ ಎಂದು.

ಮುಂದಿನದು ನನಗೆ ಪೂರ್ತಿ ನೆನಪಿದೆ. ಕಣ್ಣಿಗೆ ಕತ್ತಲು ಬಂದಿತ್ತು, ನೆನಪಿಲ್ಲ ಎಂದು ಕೋರ್ಟಿನಲ್ಲಿ ವಕೀಲರು ಹೇಳಿಸಿದರು; ಅದು ಸುಳ್ಳು. ಬಾಗಿಲ ಹತ್ತಿರ ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್ ಇತ್ತು. ಎರಡೂ ಕೈಯಿಂದ ಎತ್ತಿದೆ. ಒಬ್ಬ ನರ್ಸು ಅಡ್ಡ ಬಂದಳು. ಒಂದು ಕೈ ಬಿಡಿಸಿ ಅವಳನ್ನು ನೂಕಿದೆ. ಮೇಜಿನ ಮೂಲೆಗೆ ತಲೆ ಬಡಿದು ಕೆಳಗೆ ಕುಸಿದಳು. ಡಾಕ್ಟರು ಓಡಲಿಲ್ಲ. ತಲೆಯ ಮೇಲೆ ಬಲಗೈ ಅಡ್ಡ ಹಿಡಿದರು. ಮೊದಲ ಏಟಿಗೆ ಆ ಕೈಯಿಂದ ಬಂದ ಸಪ್ಪಳ ಒಣಗಿದ ಕಟ್ಟಿಗೆ ಮುರಿದಂತಿತ್ತು. ಎರಡನೇ ಏಟು ಹೆಗಲಿಗೆ. ಮೂರನೇದು ಬೆನ್ನಿಗೆ, ಅವರು ಬಿದ್ದ ಮೇಲೆ. ಆ ಮೂರನೇದನ್ನು ಹೊಡೆಯುವಾಗ ನನಗೆ ಹಿತವಾಯಿತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಬೇರೆ ಗಾಡಿಗಳಲ್ಲಿ ಹಿಂದೆ ಬಂದಿದ್ದ ನಮ್ಮ ಸಂಬಂಧಿಕರು ಒಳಗೆ ನುಗ್ಗಿ ಬಾಗಿಲು, ಕಪಾಟುಗಳ ಗಾಜು ಒಡೆಯತೊಡಗಿದ್ದರು. ಅಣ್ಣನ ದೇಹ ಇನ್ನೂ ಅಲ್ಲೇ ಮಂಚದ ಮೇಲಿತ್ತು. ಪೊಲೀಸರು ನನ್ನ ತೋಳು ಹಿಡಿದು ಎಳೆದೊಯ್ಯುವಾಗ ತಿರುಗಿ ನೋಡಿದೆ. ವೈನಿ ಮಂಚದ ಪಕ್ಕ ಬಗ್ಗಿ ನಿಂತು ಅಣ್ಣನ ಹಣೆಯ ಮೇಲೆ, ಕೂದಲಲ್ಲಿ ಬಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಅವಳ ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಅವಳ ಹತ್ತಿರ ನಮ್ಮವರು ಒಬ್ಬರೂ ಇರಲಿಲ್ಲ. ಎಲ್ಲರೂ ಗಾಜು ಒಡೆಯುವುದರಲ್ಲಿದ್ದರು.

ಅಣ್ಣನನ್ನು ಮಣ್ಣು ಮಾಡುವಾಗ ನಾನು ಜೈಲಿನಲ್ಲಿದ್ದೆ. ಜಾಮೀನಿನ ಮೇಲೆ ಬಂದೆ, ಕೇಸು ಹಾವೇರಿ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ಡಾಕ್ಟರು ಸಾಕ್ಷಿ ಹೇಳಲು ಬಂದಾಗ ಅವರ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಇನ್ನು ಆಪರೇಷನ್ ಮಾಡಲು ಬರುವುದಿಲ್ಲ ಎಂದು ಅವರೇ ನ್ಯಾಯಾಧೀಶರಿಗೆ ಹೇಳಿದರು. ಹೆಚ್ಚು ಹೇಳಲಿಲ್ಲ, ಕಡಿಮೆ ಹೇಳಲಿಲ್ಲ. ಶಿಕ್ಷೆಯಾಯಿತು, ಅನುಭವಿಸಿ ಬಂದೆ.

ಬಂದ ಮೇಲೆ ನನ್ನ ಕೈ ಹತೋಟಿಯಲ್ಲಿ ಉಳಿಯಲಿಲ್ಲ. ಒಂದು ದಿನ ಚೀಲದ ಹೊಲಿಗೆ ಬಿಚ್ಚಿತು ಎಂದು, ನಮ್ಮಪ್ಪನ ಕಾಲದಿಂದ ಇದ್ದ ಹಮಾಲನ ಕಪಾಳಕ್ಕೆ ಬಾರಿಸಿದೆ. ಅವರು ಹೆಗಲ ಮೇಲಿನ ಚೀಲ ಇಳಿಸಿ, ಟವೆಲ್ ಕೊಡವಿಕೊಂಡು ಹೊರಗೆ ಹೋದರು, ಮತ್ತೆ ಬರಲಿಲ್ಲ. ಆ ಸಂಜೆ ವೈನಿ ನನಗೆ ತಾಟು ಹಾಕಿ ರೊಟ್ಟಿ ಬಡಿಸಿ, “ಇನ್ನ ಯಾರ್ ಯಾರ್ನ ಹೊಡಿಯೂದು ಐತಿ?” ಎಂದು ಕೇಳಿದಳು.

ಡಾಕ್ಟರು ಅಂಗಡಿಗೆ ಬಂದದ್ದು ಅದೇ ವರ್ಷ. ಆವತ್ತಿನ ಮೆಣಸಿನಕಾಯಿಗೆ ದರ ಕೂಗುವ ಟೆಂಡರ್ ಮುಗಿದು ಮಧ್ಯಾಹ್ನವಾಗಿತ್ತು. ಅಭ್ಯಾಸ ಇಲ್ಲದವರಿಗೆ ನಮ್ಮ ಮಾರುಕಟ್ಟೆಯ ಘಾಟು ತಡೆಯುವುದಿಲ್ಲ. ಸೀನುತ್ತಾ ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಒಬ್ಬರೇ ಬಂದು ನಿಂತರು. ಹೊಡೆಯಲಿಕ್ಕೇ ಬಂದಿದ್ದಾರೆ ಎಂದುಕೊಂಡೆ. ಹೊಡೆದರೆ ಸುಮ್ಮನೆ ನಿಲ್ಲಬೇಕು ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿ ಕೈ ಹಿಂದೆ ಕಟ್ಟಿಕೊಂಡೆ.

“ಸಿಟ್ಟು ಹೋಗೇತಿ ಅಂತ ಹೇಳಾಕ ಬಂದಿಲ್ರಿ ಸಾವಕಾರ್ರ,” ಎಂದರು. “ಸಿಟ್ಟು ಐತಿ. ನಿಮ್ಮ ಕಡೆ ಒಂದು ಕೆಲಸಾನೂ ಐತಿ.”

ಕೂತು ನೀರು ಕುಡಿದು ವಿಷಯ ಹೇಳಿದರು. ಆಪರೇಷನ್ ಬಿಟ್ಟ ಮೇಲೆ ಅವರು ಕಲಿಸುತ್ತಿದ್ದ ಅದೇ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಎರಡು ವರ್ಷ ತುರ್ತು ಚಿಕಿತ್ಸೆಯ ತರಬೇತಿ ಕೊಡುತ್ತಾರೆ. ಬರುವವರು ಹದಿನಾಲ್ಕು, ತೆಗೆದುಕೊಳ್ಳುವುದು ನಾಲ್ಕೇ ಮಂದಿಯನ್ನು. ಅಲ್ಲಿಯವರೆಗೆ ಆರಿಸುತ್ತಿದ್ದ ರೀತಿ ಎಂದರೆ, ಆಡಳಿತದವರು ಮತ್ತು ಇಬ್ಬರು ಹಿರಿಯರು ಮೇಜಿನ ಹಿಂದೆ ಕೂತು, ಯಾವ ಊರು, ತಂದೆ ಏನು ಮಾಡುತ್ತಾರೆ, ಮಾರ್ಕ್ಸು ಎಷ್ಟು ಎಂದು ಐದು ನಿಮಿಷ ಕೇಳುವುದು. ಹಾಗೆ ಆರಿಸಿದ ಒಬ್ಬ ಒಳ್ಳೆಯ ಮಾರ್ಕ್ಸಿನವನು, ಜನ ನುಗ್ಗಿ ಬಂದ ದಿನ ತಾನು ಒಳಗೆ ಸೇರಿ ಚಿಲಕ ಹಾಕಿಕೊಂಡನಂತೆ. ಹೊರಗೆ ಉಳಿದ ವಾರ್ಡಿನ ಆಯಾಗೆ ಪಕ್ಕೆಲುಬು ಮುರಿಯುವಂತೆ ಹೊಡೆದರಂತೆ.

ಈ ಸಲ ಐದು ಕೋಣೆ ಮಾಡುತ್ತೇವೆ ಎಂದರು. ಪ್ರತಿ ಕೋಣೆಯಲ್ಲಿ ಒಂದು ಕೆಲಸ, ಎಂಟು ನಿಮಿಷ, ಗಂಟೆ ಬಾರಿಸಿದರೆ ಮುಂದಿನ ಕೋಣೆ. ಎಲ್ಲರಿಗೂ ಅದೇ ಪ್ರಶ್ನೆ. ಮಾರ್ಕ್ಸು ಹಾಕುವವರು ಒಬ್ಬರಿಗೊಬ್ಬರು ಮಾತಾಡದೆ ಬೇರೆ ಬೇರೆ ಬರೆಯಬೇಕು. ಮೂರನೇ ಕೋಣೆಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ; ಅವನ ಅಣ್ಣ ಈಗಷ್ಟೇ ಸತ್ತಿದ್ದಾನೆ, ಬಂದವರು ಅದನ್ನು ಅವನಿಗೆ ಹೇಳಬೇಕು.

“ನಾಟಕದವರನ್ನ ಕರಿಸಿ ನೋಡಿದೆ. ಅವರು ಅಳ್ತಾರ. ನನಗ ಅಳಾವ್ರು ಬ್ಯಾಡ.”

ಮೈಮುಟ್ಟುವಂತಿಲ್ಲ, ಅದೊಂದು ಷರತ್ತು. ಒಪ್ಪಿಕೊಂಡೆ. ಬೇಡ ಅನ್ನಲು ನನಗೆ ಎಲ್ಲಿಯ ಹಕ್ಕು ಎಂದುಕೊಂಡು ಒಪ್ಪಿದೆ. ಮನೆಯಲ್ಲಿ ಹೇಳಿದಾಗ ವೈನಿ, ಅಲ್ಲಿ ಅಣ್ಣನ ಹೆಸರು ಎತ್ತಬೇಡ ಎಂದಷ್ಟೇ ಹೇಳಿದಳು.

ಸಂದರ್ಶನದ ದಿನ ಮೂರನೇ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ನಿಮಿಷ ನೋಡಲು ಗೋಡೆಗೆ ಗಡಿಯಾರ. ಮೂಲೆಯಲ್ಲಿ ಅಂಕದ ಹಾಳೆ ಹಿಡಿದು ಒಬ್ಬ ಸಿಸ್ಟರ್ ಕೂತಿದ್ದರು. ಹುಬ್ಬಿನಿಂದ ಕೂದಲಿನವರೆಗೆ ಹೊಲಿಗೆಯ ಕಲೆ. ನೋಡಿದ ಕೂಡಲೇ ಗುರುತು ಹತ್ತಿತು; ಆವತ್ತು ನಾನು ನೂಕಿದವರು. ಅವರು ನನ್ನ ಕಡೆ ನೋಡದೆ ಪೆನ್ನಿನ ಮುಚ್ಚಳ ತೆಗೆದರು.

ಮೊದಲು ಬಂದವನು ಚೆಂದದ ಅಂಗಿ ತೊಟ್ಟ ಹುಡುಗ. ಕುರ್ಚಿಯಲ್ಲಿ ಕೂಡುವ ಮೊದಲೇ ಕಲಿತ ಪಾಠ ಒಪ್ಪಿಸುವಂತೆ ಹೇಳಿ ಮುಗಿಸಿದ. ನಾನು ಎದ್ದು, ಮೇಜಿಗೆ ಗುದ್ದಿ, ಮಾತಾಡುತ್ತಾ ಬಂದವನು ಹೇಗೆ ಸಾಯುತ್ತಾನೆ ಎಂದು ಒದರಿದೆ. ಅವನು ಹಿಂದೆ ಸರಿಯುತ್ತಾ ಹೋಗಿ ಬೆನ್ನು ಗೋಡೆಗೆ ತಗುಲಿದ ಮೇಲೆ, ಸೆಕ್ಯೂರಿಟಿಯವರನ್ನು ಕರೆಯುತ್ತೇನೆ ಎಂದ. ಎರಡನೆಯವನು ಕೈಮುಗಿದ. ಮೂರನೆಯವಳು ಒಬ್ಬ ಸಣ್ಣ ಮೈಯ ಹುಡುಗಿ, ಗುತ್ತಲದ ಕಡೆಯ ಮಾತು. ಅವಳ ತುಟಿ ನಡುಗುವುದು ಕಂಡು ನನ್ನ ದನಿ ತಾನಾಗಿ ಇಳಿಯಿತು, ಮೇಜು ಗುದ್ದಲಿಲ್ಲ.

ಚಹಾದ ಹೊತ್ತಿಗೆ ಡಾಕ್ಟರು ನನ್ನನ್ನು ಬದಿಗೆ ಕರೆದರು. ಅವರು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದರು.

“ಆ ಹುಡುಗಿಗೆ ದನಿ ಇಳಿಸಿದ್ರಿ,” ಎಂದರು. “ಹೊರಗಿಂದ ನುಗ್ಗಿ ಬರಾವ್ರು ಇಳಸ್ತಾರೇನು? ಒಬ್ಬರಿಗೆ ಹೆಂಗ ಒದರ್ತೀರಿ, ಹದಿನಾಲ್ಕೂ ಮಂದಿಗೆ ಹಂಗ ಒದರಬೇಕು. ಇಲ್ಲಂದ್ರ ಇದು ಪರೀಕ್ಷಾ ಅಲ್ರಿ, ನಿಮ್ಮ ಮನಸಿಗೆ ಬಂದಾವ್ರಿಗೆ ಸೀಟು ಹಂಚಿದಂಗ.”

ಸರಿ ಎಂದೆ. ಸಿಟ್ಟನ್ನು ಹದಿನಾಲ್ಕು ಸಮಪಾಲು ಮಾಡುವುದು ಎಷ್ಟು ಕಷ್ಟ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನಾಲ್ಕನೆಯವನಿಗೂ ಐದನೆಯವಳಿಗೂ ಒಂದೇ ಮಾತು, ಒಂದೇ ಗುದ್ದು, ಒಂದೇ ದನಿ ಎಂದು ಲಕ್ಷ್ಯವಿಟ್ಟು ಮಾಡಿದೆ. ಹಾಗೆ ಮಾಡುತ್ತಾ ಮಾಡುತ್ತಾ ಒಳಗೆ ಏನೋ ಬಿಸಿಯಾಗುತ್ತಾ ಬಂತು. ನಟನೆ ಯಾವುದು, ಖರೇ ಯಾವುದು ಎಂಬ ಗೆರೆ ತೆಳ್ಳಗಾಗುತ್ತಿರುವುದು ತಿಳಿಯಿತು. ನಿಲ್ಲಿಸಿ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಆರನೆಯವನು ಎತ್ತರದ, ಗಟ್ಟಿ ಮೈಕಟ್ಟಿನ ಯುವಕ. ಒಕ್ಕಲುತನದ ಮನೆಯವನು ಎಂದು ಕೈ ನೋಡಿದರೆ ತಿಳಿಯುತ್ತಿತ್ತು. ನನ್ನ ಎದುರು ಕೂತು, ಮಂಡಿಯ ಮೇಲೆ ಕೈ ಊರಿ ಹೇಳಿದ, “ನಮ್ಮ ಪ್ರಯತ್ನ ನಾವು ಮಾಡಿದ್ವಿರಿ. ಉಳಿಲಿಲ್ಲ.”

ಆಮೇಲೆ ಗಡಿಯಾರ ನೋಡಿದ. ಪಾಪ, ಎಂಟು ನಿಮಿಷದಲ್ಲಿ ಎಷ್ಟು ಉಳಿದಿದೆ ಎಂದು ನೋಡಿರಬೇಕು.

ಮೇಜು ದಾಟಿದ್ದು ಗೊತ್ತಾಗಲಿಲ್ಲ. ಎರಡೂ ಕೈಯಿಂದ ಅವನ ಗಂಟಲು ಹಿಡಿದು, ಕುರ್ಚಿಯ ಸಮೇತ ಹಿಂದಕ್ಕೆ ಕೆಡವಿದೆ. ಅವನ ತಲೆ ನೆಲಕ್ಕೆ ಬಡಿಯಿತು. ಹೆಬ್ಬೆರಳಿನ ಕೆಳಗೆ ಅವನ ಗಂಟಲಿನ ಗಂಟು ಮೇಲೆ ಕೆಳಗೆ ಆಡುತ್ತಿತ್ತು, ಅದನ್ನು ಒತ್ತುತ್ತಿದ್ದೆ. ಒಂದು ಕ್ಷಣ ಅವನು ಇದೂ ಪರೀಕ್ಷೆಯೇ ಎಂದುಕೊಂಡಿರಬೇಕು, ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಕಣ್ಣನ್ನೇ ನೋಡಿದ. ನೋಡಿ, ಇದು ಪರೀಕ್ಷೆಯಲ್ಲ ಎಂದು ಅರ್ಥವಾಯಿತು. ಮೊಣಕೈ ಎತ್ತಿ ನನ್ನ ಬಾಯಿಗೆ ಹೊಡೆದ. ಹಲ್ಲು ಮುರಿದು ನಾಲಿಗೆಯ ಮೇಲೆ ಬಿತ್ತು. ನಾನು ಬಿಡಲಿಲ್ಲ. ಮತ್ತೆ ಹೊಡೆದ. ಕೈ ಸಡಿಲಾದ ಮೇಲೆ ನನ್ನನ್ನು ಮಗುಚಿ, ಎದೆಯ ಮೇಲೆ ಮಂಡಿ ಊರಿ, ಮುಖಕ್ಕೆ ಮೂರೋ ನಾಲ್ಕೋ ಗುದ್ದಿದ. ಅವನೂ ಅಳುತ್ತಿದ್ದ, ಗುದ್ದುತ್ತಲೂ ಇದ್ದ. ನಾನು ತಡೆಯಲಿಲ್ಲ. ಸಿಸ್ಟರ್ ಅವನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಅಷ್ಟರಲ್ಲಿ ಡಾಕ್ಟರು ಬಾಗಿಲು ದೂಡಿಕೊಂಡು ಬಂದರು.

ಆ ಹುಡುಗನನ್ನು ಹೊರಗೆ ಕೂಡಿಸಿ ಕತ್ತು, ತಲೆ ತಪಾಸಣೆ ಮಾಡಿದರು. ನಾನು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದೆ, ಅಂಗಿಯೆಲ್ಲ ರಕ್ತ. ಡಾಕ್ಟರು ಹತ್ತಿ ತೆಗೆದುಕೊಂಡು ನನ್ನ ತುಟಿ ಒರೆಸಲು ಬಗ್ಗಿದರು. ಮಡಚದ ಆ ಎರಡು ಬೆರಳು ನನ್ನ ಕಣ್ಣ ಮುಂದೆ ಇದ್ದವು. ತಪ್ಪು ನನ್ನದು, ನಿಮ್ಮನ್ನು ಇಲ್ಲಿ ನಿಲ್ಲಿಸಬಾರದಿತ್ತು ಎಂದು ಅವರು ಹೇಳುತ್ತಿದ್ದರು.

ಆಗ ಸಿಸ್ಟರ್ ಅಂಕದ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ದನಿ ಎತ್ತರಿಸಲಿಲ್ಲ.

“ನೀವಿಬ್ರೂ ಸರಿಹೋದ್ರಿ,” ಎಂದರು. “ಛಲೋ ಆತು. ನನ್ನ ತಲಿ ಒಡದದ್ದು ಕೋರ್ಟಿನ್ಯಾಗ ಒಂದು ಸಾಲಿನ್ಯಾಗ ಮುಗೀತು. ಇವತ್ತ ಮುಂಜಾನಿಂದ ಇವರು ಒದರೂದನ್ನ ಐದು ಸಲ ಕೇಳೇನಿ. ಐದೂ ಸಲ ನಾ ಮೇಜಿಗೆ ಬಡದು ಬಿದ್ದೇನಿ. ಈ ಕೋಣಿಯಾಗ ಕೂಡ್ತಿಯೇನವಾ ಅಂತ ನನ್ನ ಯಾರು ಕೇಳಿದ್ರಿ?”

ಡಾಕ್ಟರ ಕೈ ಹತ್ತಿ ಹಿಡಿದುಕೊಂಡೇ ನಿಂತಿತು. ಡ್ಯೂಟಿ ಹಾಕುವಾಗ ಸಿಸ್ಟರ್ ಹೆಸರು ಬರೆದಿದ್ದರು, ಅಷ್ಟೇ. ಕೇಳಿರಲಿಲ್ಲ. ನಾನು ಬಾಯಲ್ಲಿ ರಕ್ತ ಇಟ್ಟುಕೊಂಡೇ, ತಪ್ಪಾಯಿತು ಎಂದೆ. ಈ ಮಾತನ್ನು ಕೋರ್ಟಿನಲ್ಲಿ ಹೇಳಿದ್ದೆ, ಡಾಕ್ಟರಿಗೆ ಹೇಳಿದ್ದೆ. ಸಿಸ್ಟರಿಗೆ ಹೇಳಿದ್ದು ಅದೇ ಮೊದಲು.

“ಈಗ ಬ್ಯಾಡ್ರಿ,” ಎಂದು ಸಿಸ್ಟರ್ ಹೊರಗೆ ಹೋದರು.

ಉಳಿದ ಎಂಟು ಮಂದಿಗೆ ಆ ಕೋಣೆ ಇರಲಿಲ್ಲ. ಆರು ಮಂದಿಯನ್ನು ನೋಡಿ ಉಳಿದವರನ್ನು ನೋಡದಿದ್ದರೆ ಅನ್ಯಾಯವಾಗುತ್ತದೆಂದು ಎಲ್ಲರ ಮೂರನೇ ಕೋಣೆಯ ಅಂಕವನ್ನೂ ರದ್ದು ಮಾಡಿ, ನಾಲ್ಕು ಕೋಣೆಯ ಮೇಲೆಯೇ ಆರಿಸಿದರು. ನನ್ನನ್ನು ಹೊಡೆದ ಯುವಕ ಆಯ್ಕೆಯಾದ. ದೂರು ಕೊಡುವುದಿದ್ದರೆ ಕೊಡು, ನಾವೇ ಸಾಕ್ಷಿ ಹೇಳುತ್ತೇವೆ ಎಂದು ಡಾಕ್ಟರು ಅವನಿಗೆ ಹೇಳಿದ್ದರಂತೆ. ಅವನು ಕೊಡಲಿಲ್ಲ. ತಾನು ಕೊನೆಯ ಗುದ್ದುಗಳನ್ನು ಹೊಡೆಯುವಾಗ ನನ್ನ ಕೈ ಕೆಳಗೆ ಬಿದ್ದಿದ್ದವು, ಅದಕ್ಕೆ ಕೊಡುವುದಿಲ್ಲ ಎಂದನಂತೆ. ಅದನ್ನು ಕೇಳಿ ನನಗೆ, ಡಾಕ್ಟರು ಬಿದ್ದ ಮೇಲೆ ಹೊಡೆದ ನನ್ನ ಮೂರನೇ ಏಟು ನೆನಪಾಯಿತು.

ಮುರಿದ ಹಲ್ಲು, ಊದಿದ ಮುಖ ಹೊತ್ತು ಮನೆಗೆ ಬಂದಾಗ ವೈನಿ ಬಿಸಿನೀರು ಕಾಸಿ ಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದೆ, ಸಿಸ್ಟರ್ ಹೇಳಿದ ಮಾತನ್ನೂ ಹೇಳಿದೆ. ವೈನಿ ಆ ಮಾತನ್ನು ಎರಡು ಸಲ ಹೇಳಿಸಿದಳು. ಆಮೇಲೆ, ಆ ಸಿಸ್ಟರ್ ಎಲ್ಲಿಯವರು, ಅವರನ್ನು ನೋಡಬೇಕಲ್ಲ ಎಂದಳು.

ಒಂದು ಭಾನುವಾರ ತಾನೇ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದಳು. ನನ್ನನ್ನು ಕರೆಯಲಿಲ್ಲ. ಇಬ್ಬರೂ ಏನು ಮಾತಾಡಿದರೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ತಿಂಗಳೊಪ್ಪತ್ತು ಹಾಗೆ ಹೋಗಿ ಬಂದು ಮಾಡಿದ ಮೇಲೆ ಒಂದು ದಿನ ಹೇಳಿದಳು, ಮುಂದಿನ ವರ್ಷ ಆ ಕೋಣೆಯಲ್ಲಿ ತಾನು ಕೂಡುತ್ತೇನೆ, ಸಿಸ್ಟರ್ ಕೂಡ ಒಪ್ಪಿದ್ದಾರೆ, ಡಾಕ್ಟರಿಗೆ ಅವರೇ ಹೇಳಿದ್ದಾರೆ ಎಂದು.

ನಾನು ಬೇಡ ಎಂದೆ. ಅಲ್ಲಿ ಅಣ್ಣನ ಮಾತು ಎತ್ತಬೇಡ ಎಂದವಳು ನೀನೇ ಅಲ್ಲವೇ ಎಂದೆ.

“ನೀ ಎತ್ತಬ್ಯಾಡ ಅಂದಿದ್ದೆ,” ಎಂದಳು. “ಅವತ್ತ ನೀವು ಎಲ್ಲಾರೂ ಡಾಕ್ಟರ್ನ ಹೊಡಿಯಾಕತ್ತಿದ್ರಿ. ನನಗ ಅವರ ಕಡೆ ಒಂದು ಮಾತು ಕೇಳೂದಿತ್ತು. ಕೇಳೂದ್ರಾಗ ನೀ ಅವರ ಕೈ ಮುರದಿದ್ದಿ.”

ಮರುವರ್ಷ ನಾನೇ ಅವಳನ್ನು ಬೈಕಿನ ಮೇಲೆ ಕರೆದುಕೊಂಡು ಹೋಗಿ, ಆಸ್ಪತ್ರೆಯ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಒಳಗೆ ನಡೆದದ್ದನ್ನು ಸಂಜೆ ಡಾಕ್ಟರೇ ಹೇಳಿದರು. ವೈನಿ ಒದರಲಿಲ್ಲ, ಅಳಲಿಲ್ಲ. ಬಾಗಿಲಲ್ಲಿ ಕೊಟ್ಟ ಕೇಸಿನ ಹಾಳೆ ಓದಿ ಬಂದವರು ಗಂಡ ಸತ್ತ ಸುದ್ದಿ ಹೇಳಿದ ಮೇಲೆ, ಪ್ರತಿಯೊಬ್ಬರಿಗೂ ಅದೇ ಮಾತಿನಲ್ಲಿ ಒಂದೇ ಪ್ರಶ್ನೆ ಕೇಳಿದಳಂತೆ: ಸಾಯುವಾಗ ಅವರಿಗೆ ಬಹಳ ನೋವಾಯಿತೇ?

ಒದರುವುದಕ್ಕೆ ಸಿದ್ಧವಾಗಿ ಬಂದಿದ್ದವರು ಆ ಪ್ರಶ್ನೆಗೆ ತಡವರಿಸಿದರು. ಹಿಂದಿನ ವರ್ಷದ ಸುದ್ದಿ ಹೇಗೋ ಹೊರಗೆ ಹೋಗಿತ್ತು. ಕೆಲವರು ಬಾಗಿಲ ಹತ್ತಿರವೇ ಕೂತಿದ್ದರಂತೆ. ಹೆಚ್ಚಿನವರು ಇಲ್ಲ ತಾಯಿ, ಏನೂ ನೋವಾಗಲಿಲ್ಲ, ನಿದ್ದೆ ಮಾಡಿದ ಹಾಗೆ ಹೋದರು ಎಂದರು. ಒಬ್ಬಳು ಮಾತ್ರ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಹೌದು, ನೋವಾಯಿತು, ಬಂದಾಗ ಬಹಳ ಇತ್ತು, ಇಂಜೆಕ್ಷನ್ ಕೊಟ್ಟ ಮೇಲೆ ಕಡಿಮೆಯಾಯಿತು, ಕೊನೆಗೆ ಅವರಿಗೆ ಎಚ್ಚರ ಇರಲಿಲ್ಲ ಎಂದಳಂತೆ. ಹೇಳಿ, ವೈನಿ ಮುಂದಿನ ಮಾತು ಕೇಳುವವರೆಗೆ ಸುಮ್ಮನೆ ಕೂತಿದ್ದಳಂತೆ.

ಆ ವರ್ಷ ಸುದ್ದಿ ಕೇಳಲು ಕೂತವರೂ ಅಂಕ ಹಾಕಬೇಕಿತ್ತು; ವೈನಿ ಅವಳಿಗೆ ಪೂರ್ತಿ ಅಂಕ ಕೊಟ್ಟಳು. ಸಿಸ್ಟರ್ ಬೇರೆ ಹಾಳೆಯಲ್ಲಿ ಅಷ್ಟೇ ಕೊಟ್ಟಿದ್ದರು. ಡಾಕ್ಟರು ಸ್ವಲ್ಪ ಕಡಿಮೆ ಹಾಕಿದ್ದರು. ಅಷ್ಟು ಬಿಡಿಸಿ ಹೇಳಬೇಕಿರಲಿಲ್ಲ ಎಂಬುದು ಅವರ ಅಭಿಪ್ರಾಯ. ಲೆಕ್ಕವೆಲ್ಲ ಮುಗಿದ ಮೇಲೆ ಅವರು ಈ ವಿಷಯ ಎತ್ತಿದಾಗ ವೈನಿ ಹೇಳಿದಳಂತೆ, ಗಾಡಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು, ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರು ಎಂದು ನನಗೆ ಗೊತ್ತಿದೆ, ನೋವಾಗಲಿಲ್ಲ ಎಂದವರನ್ನು ನಾನು ಹೇಗೆ ನಂಬಲಿ ಎಂದು.

ಆಮೇಲೆ ಅವಳು ಆ ಪ್ರಶ್ನೆಯನ್ನು ಡಾಕ್ಟರಿಗೂ ಕೇಳಿದಳು. ಇದು ಪರೀಕ್ಷೆಯದಲ್ಲ, ಖರೇನೇ ಕೇಳಿದ್ದು. ಡಾಕ್ಟರು ಏನು ಹೇಳಿದರೆಂದು ಅವರೂ ನನಗೆ ಹೇಳಲಿಲ್ಲ, ವೈನಿಯೂ ಹೇಳಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು. ಮೋಟೆಬೆನ್ನೂರಿನಲ್ಲಿ ಬೈಕು ನಿಲ್ಲಿಸಲು ಹೇಳಿ, ಚಹಾ ಕುಡಿಯೋಣ ಎಂದಳು. ಅಣ್ಣ ಹೋದ ಮೇಲೆ ಅವಳು ಹೊರಗೆ ಕೂತು ಚಹಾ ಕುಡಿದದ್ದನ್ನು ನಾನು ನೋಡಿರಲಿಲ್ಲ. ಎರಡು ಕಪ್ಪು ಕುಡಿದಳು.

ಈಗ ಮೂರು ವರ್ಷವಾಯಿತು, ಪ್ರತಿ ವರ್ಷ ಹೋಗುತ್ತಾಳೆ. ನನ್ನನ್ನು ಅಲ್ಲಿಗೆ ಮತ್ತೆ ಯಾರೂ ಕರೆದಿಲ್ಲ, ಕರೆಯುವುದೂ ಬೇಡ. ಸಿಟ್ಟು ಈಗಲೂ ಬರುತ್ತದೆ. ಬಂದಾಗ ಅಂಗಡಿಯಿಂದ ಎದ್ದು ಹೊರಗೆ ಹೋಗುತ್ತೇನೆ, ಕದರಮಂಡಲಗಿ ದಾರಿ ಹಿಡಿದು ಒಂದಷ್ಟು ದೂರ ನಡೆದು ಬರುತ್ತೇನೆ. ಹೋದ ತಿಂಗಳು ಹಾಗೆ ನಡೆದು, ನಾನು ಕಪಾಳಕ್ಕೆ ಹೊಡೆದ ಆ ಹಳೆಯ ಹಮಾಲರ ಮನೆಗೆ ಹೋಗಿದ್ದೆ. ಹೊರಗಿನ ಕಟ್ಟೆಯ ಮೇಲೆ ಕೂಡಿಸಿದರು, ಕುಡಿಯಲು ನೀರು ಕೊಟ್ಟರು. ತಪ್ಪಾಯಿತು, ಮತ್ತೆ ಅಂಗಡಿಗೆ ಬನ್ನಿ ಎಂದೆ. ಕೆಲಸಕ್ಕೆ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.